ಬಿಸಿಲಿಗೆ ಪಿಕಪ್ ಮೈಲೇಜ್ ಯಾಕೆ ಇಳಿಯುತ್ತದೆ? ಡೀಸೆಲ್ ಹೋಗುವ ದಾರಿಯ ಲೆಕ್ಕ

ಏಪ್ರಿಲ್ ಬಂತು ಅಂದರೆ ನಮ್ಮ ಕಡೆ ಪಿಕಪ್, ಅಂದರೆ ಸಣ್ಣ ಸರಕು ಗಾಡಿ, ಇಟ್ಟುಕೊಂಡವರ ಬಾಯಲ್ಲಿ ಒಂದೇ ಮಾತು: "ಗಾಡಿ ಎವರೇಜ್ ಕೊಡವಲ್ದು." ರಾಯಚೂರಿನ ಹತ್ತಿ ಮಾರ್ಕೆಟ್ ಇರಲಿ, ಗಂಗಾವತಿಯ ರೈಸ್ ಮಿಲ್ ಗೇಟ್ ಇರಲಿ, ಬಳ್ಳಾರಿಯ ಎಪಿಎಂಸಿ ಇರಲಿ, ಈ ಮಾತು ಕೇಳಿಯೇ ಕೇಳುತ್ತದೆ. ಡಿಸೆಂಬರ್‌ನಲ್ಲಿ ಲೀಟರ್‌ಗೆ 12–13 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 10ಕ್ಕೆ ಬಂದಿದೆ ಅನ್ನುತ್ತಾರೆ. ಗ್ಯಾರೇಜಿಗೆ ಹೋದರೆ "ಬಿಸ್ಲು ಅಲ್ಲೇನ್ರಿ, ಹಂಗೇ" ಅನ್ನುವ ಉತ್ತರ ಸಿಗುತ್ತದೆ.

ಇದು ಸಣ್ಣ ವಿಷಯ ಅಲ್ಲ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರ್‌ಗೆ ಸುಮಾರು 2 ರೂಪಾಯಿ ಜಾಸ್ತಿ ಆಯಿತು. ಬಾಡಿಗೆ ಮಾತ್ರ ಅಷ್ಟು ಸುಲಭವಾಗಿ ಏರುವುದಿಲ್ಲ. ಇನ್ನೊಂದು ಕಡೆ, ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಪಿಕಪ್ ಓಡಿಸುವವರಿಗೆ ಆ ಅನುಕೂಲ ಇಲ್ಲ. ಎರಡನೇ ಬೆಳೆಯ ಭತ್ತ, ಕೊಪ್ಪಳದ ಮಾವು, ಕಲ್ಲಂಗಡಿ ಎಲ್ಲ ಸಾಗಬೇಕಾದ್ದು ಇದೇ ಉರಿ ಬಿಸಿಲಲ್ಲಿ.

ಹಾಗಾದರೆ ಬಿಸಿಲು ನಿಜಕ್ಕೂ ಡೀಸೆಲ್ ತಿನ್ನುತ್ತದಾ? ಬರೀ ಬಿಸಿಲು ಅಂತ ತೆಗೆದುಕೊಂಡರೆ, ಬಹಳ ಕಡಿಮೆ. ಕೆಲವು ವಿಷಯದಲ್ಲಿ ಅದು ಮೈಲೇಜ್‌ಗೆ ಸ್ವಲ್ಪ ಒಳ್ಳೆಯದನ್ನೇ ಮಾಡುತ್ತದೆ. ನಷ್ಟ ಆಗುವುದು ಬಿಸಿಲನ್ನು ತಡೆದುಕೊಳ್ಳಲು ಗಾಡಿ ಮಾಡುವ ಕೆಲಸದಲ್ಲಿ ಮತ್ತು ನಾವು ಮಾಡುವ ಕೆಲವು ಕೆಲಸಗಳಲ್ಲಿ. ಯಾವುದರಲ್ಲಿ ಎಷ್ಟು ಅಂತ ಒಂದೊಂದಾಗಿ ನೋಡೋಣ.

ಒಂದು ಲೀಟರ್ ಡೀಸೆಲ್ ಎಲ್ಲಿಗೆ ಹೋಗುತ್ತದೆ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ಯೂನಿಟ್ ಅಂದರೆ ಕರೆಂಟ್ ಬಿಲ್‌ನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಈ ಹತ್ತರಲ್ಲಿ ಇಂಜಿನ್ ತಿರುಗುವ ಬಲವಾಗಿ ಬದಲಾಯಿಸುವುದು ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್ ಮಾತ್ರ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದಷ್ಟು ಸೈಲೆನ್ಸರ್ ಮೂಲಕ, ಇನ್ನಷ್ಟು ರೇಡಿಯೇಟರ್ ಮೂಲಕ. ಇದು ಗಾಡಿಯ ದೋಷ ಅಲ್ಲ, ಇಂಜಿನ್ ಕೆಲಸ ಮಾಡುವ ರೀತಿಯೇ ಹಾಗೆ.

ಕೈಗೆ ಸಿಕ್ಕ ಆ ಮೂರು ಚಿಲ್ಲರೆ ಯೂನಿಟ್‌ನಲ್ಲಿ ಎಲ್ಲ ನಡೆಯಬೇಕು. ಎದುರಿನ ಗಾಳಿಯನ್ನು ಸೀಳಬೇಕು, ಟೈರ್ ಉರುಳಬೇಕು, ಗೇರ್‌ಬಾಕ್ಸ್‌ನ ಉಜ್ಜಾಟಕ್ಕೆ ಕೊಡಬೇಕು. ಇದರ ಮೇಲೆ ಇಂಜಿನ್ನಿಗೆ ಕಟ್ಟಿಕೊಂಡಿರುವ ಎಸಿ ಕಂಪ್ರೆಸರ್, ರೇಡಿಯೇಟರ್ ಫ್ಯಾನ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪ್ ಎಲ್ಲಕ್ಕೂ ಪಾಲು ಹೋಗುತ್ತದೆ. ಮೈಲೇಜ್ ಅಂದರೆ ಈ ಪಾಲುಗಳ ಲೆಕ್ಕ. ಬಿಸಿಲು ಬಂದಾಗ ಯಾವ ಪಾಲು ಏರಿತು, ಯಾವುದು ಇಳಿಯಿತು ಅಂತ ನೋಡಿದರೆ ಸಾಕು.

ಬಿಸಿ ಗಾಳಿ ತೆಳು ಗಾಳಿ

ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ತೆಳುವಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.18 ಕೆಜಿ ತೂಗುತ್ತದೆ. 43 ಡಿಗ್ರಿಯಲ್ಲಿ ಅದೇ ಅಳತೆಯ ಗಾಳಿ 1.12 ಕೆಜಿ ಆಗುತ್ತದೆ. ಅಂದರೆ ಶೇ 5ರಿಂದ 6ರಷ್ಟು ಹಗುರ. ಇದರಿಂದ ಎರಡು ಪರಿಣಾಮ, ಒಂದು ಲಾಭದ್ದು, ಒಂದು ನಷ್ಟದ್ದು.

ಲಾಭ ಏನೆಂದರೆ, ತೆಳು ಗಾಳಿಯನ್ನು ಸೀಳಿಕೊಂಡು ಹೋಗುವುದು ಸುಲಭ. ಹೈವೇಯಲ್ಲಿ 60–70ರಲ್ಲಿ ಹೋಗುವ ಪಿಕಪ್‌ಗೆ ಗಾಳಿಯ ತಡೆ ದೊಡ್ಡ ಖರ್ಚು. ಅದು ಶೇ 5–6 ಇಳಿದರೆ ಒಟ್ಟು ಡೀಸೆಲ್ ಲೆಕ್ಕದಲ್ಲಿ ನೂರಕ್ಕೆ ಎರಡರಷ್ಟು ಉಳಿತಾಯ ಆಗುತ್ತದೆ. ಇದರ ಜೊತೆಗೆ ಬೇಸಿಗೆಯಲ್ಲಿ ಇಂಜಿನ್ ಆಯಿಲ್ ಬೆಳಿಗ್ಗೆಯೇ ತೆಳುವಾಗಿರುತ್ತದೆ, ಇಂಜಿನ್ ಬೇಗ ಹದಕ್ಕೆ ಬರುತ್ತದೆ. ಬಿಸಿಯಾದ ಟೈರ್ ರಬ್ಬರ್ ಕೂಡ ಸ್ವಲ್ಪ ಹಗುರವಾಗಿ ಉರುಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಯಲ್ಲಿ ಮೈಲೇಜ್ ಏರುವುದು ಇದಕ್ಕೇ. ನಮ್ಮಲ್ಲಿ ಚಳಿಗಾಲವೂ ಬೆಚ್ಚಗೇ ಇರುವುದರಿಂದ ಈ ಲಾಭ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ನಷ್ಟ ಇಂಜಿನ್ ಒಳಗೆ. ಡೀಸೆಲ್ ಉರಿಯಲು ಆಮ್ಲಜನಕ ಬೇಕು. ಗಾಳಿ ತೆಳುವಾದರೆ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಕಡಿಮೆ. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊ ಗಾಳಿಯನ್ನು ಒತ್ತಿ ಕಳಿಸುತ್ತದೆ. ಒತ್ತಿದಾಗ ಗಾಳಿ ಇನ್ನೂ ಬಿಸಿಯಾಗುತ್ತದೆ, ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್ ಇರುತ್ತದೆ. ಆದರೆ ಇಂಟರ್‌ಕೂಲರ್ ತಣ್ಣಗಾಗುವುದು ಹೊರಗಿನ ಗಾಳಿಯಿಂದ. ಹೊರಗೆ 43 ಇದ್ದರೆ ಅದಕ್ಕಿಂತ ಕೆಳಗೆ ಇಳಿಸಲು ಅದಕ್ಕೆ ಸಾಧ್ಯ ಇಲ್ಲ. ಬಿಸಿ ಮಿತಿ ಮೀರಿದರೆ ಗಾಡಿಯ ಕಂಪ್ಯೂಟರ್, ಅಂದರೆ ಇಸಿಯು, ಇಂಜಿನ್ ಉಳಿಸಲು ತಾನೇ ಶಕ್ತಿ ಕಡಿಮೆ ಮಾಡುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಬಿಸಿ ಗಾಳಿಗೆ ಇಂಜಿನ್ ನಾಕ್ ಹೊಡೆಯುವ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು ಉರಿಯುವ, ಸಾಧ್ಯತೆ ಇರುತ್ತದೆ. ಅದನ್ನು ತಪ್ಪಿಸಲು ಇಸಿಯು ಸ್ಪಾರ್ಕ್ ಅನ್ನು ಸ್ವಲ್ಪ ತಡ ಮಾಡುತ್ತದೆ, ಎಳೆತ ಕುಗ್ಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಎಳೆತ ಕಡಿಮೆ ಆಗುವುದೇ ಬೇರೆ, ಮೈಲೇಜ್ ಕಡಿಮೆ ಆಗುವುದೇ ಬೇರೆ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇಂಜಿನ್ನಿನ ಪೂರ್ತಿ ಶಕ್ತಿ ಬೇಕಾಗುವುದೇ ಇಲ್ಲ, ಹಾಗಾಗಿ ಮೈಲೇಜ್ ಮೇಲೆ ಇದರ ಪರಿಣಾಮ ಅಷ್ಟಕ್ಕಷ್ಟೇ. ಆದರೆ ಫುಲ್ ಲೋಡ್ ಹಾಕಿಕೊಂಡು ಸಂಡೂರಿನ ಏರು ಹತ್ತುವಾಗ ಎಳೆತ ಸಾಲದೆ ಎರಡನೇ ಗೇರ್‌ಗೆ ಇಳಿಸಿ ಆಕ್ಸಿಲೇಟರ್ ತುಳಿಯುತ್ತೀರಲ್ಲ, ಆಗ ಡೀಸೆಲ್ ಹೋಗುತ್ತದೆ.

ರೇಡಿಯೇಟರ್ ಮತ್ತು ಫ್ಯಾನ್

ಹೊರಗೆ 20 ಡಿಗ್ರಿ ಇರಲಿ, 44 ಇರಲಿ, ಇಂಜಿನ್ ಒಳಗಿನ ಕೂಲೆಂಟ್ (ಇಂಜಿನ್ ತಣಿಸುವ ದ್ರವ) 90 ಡಿಗ್ರಿಯ ಆಸುಪಾಸಿನಲ್ಲೇ ಇರುವಂತೆ ಥರ್ಮೋಸ್ಟಾಟ್ (ಬಿಸಿಯಾದಾಗ ಮಾತ್ರ ಕೂಲೆಂಟನ್ನು ರೇಡಿಯೇಟರ್ ಕಡೆ ಬಿಡುವ ಬಾಗಿಲು) ಮತ್ತು ರೇಡಿಯೇಟರ್ ನೋಡಿಕೊಳ್ಳುತ್ತವೆ. ಅಂದರೆ ಎಲ್ಲ ಸರಿ ಇದ್ದರೆ ಬೇಸಿಗೆಯಲ್ಲೂ ಇಂಜಿನ್ ಒಳಗೆ ಅದೇ ಹವಾಮಾನ. ಬದಲಾಗುವುದು ಅದನ್ನು ಹಾಗೆ ಇಡಲು ಬೇಕಾಗುವ ಶ್ರಮ.

ರೇಡಿಯೇಟರ್ ಎಷ್ಟು ಬಿಸಿ ಹೊರಗೆ ಹಾಕಬಲ್ಲದು ಅನ್ನುವುದು ಕೂಲೆಂಟ್‌ಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಡಿಸೆಂಬರ್ ಮಧ್ಯಾಹ್ನ ಗಾಳಿ 28 ಡಿಗ್ರಿ ಇದ್ದರೆ ವ್ಯತ್ಯಾಸ 62. ಮೇ ತಿಂಗಳಲ್ಲಿ 43 ಆದರೆ ವ್ಯತ್ಯಾಸ 47. ಅಷ್ಟೇ ಗಾಳಿ ಹಾಯ್ದರೆ ರೇಡಿಯೇಟರ್ ಮಾಡುವ ಕೆಲಸ ಕಾಲು ಭಾಗ ಕುಗ್ಗಿತು ಅಂತಾಯಿತು. ಎಸಿ ಇದ್ದರೆ ಅದರ ಬಿಸಿ ಹೊರಹಾಕುವ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಕೂತಿರುತ್ತದೆ, ಗಾಳಿಯನ್ನು ಇನ್ನಷ್ಟು ಬಿಸಿ ಮಾಡಿಯೇ ಒಳಗೆ ಬಿಡುತ್ತದೆ. ಈ ಕೊರತೆ ತುಂಬಲು ಜಾಸ್ತಿ ಗಾಳಿ ಎಳೆಯಬೇಕು. ಆ ಕೆಲಸ ಫ್ಯಾನಿನದು.

ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಫ್ಯಾನ್ ಇಂಜಿನ್‌ನ ಬೆಲ್ಟಿನಿಂದಲೇ ತಿರುಗುತ್ತದೆ, ನಡುವೆ ಒಂದು ವಿಸ್ಕಸ್ ಕ್ಲಚ್ ಇರುತ್ತದೆ. ಫ್ಯಾನಿನ ನಡುವೆ ಕೈಯಗಲದ ಅಲ್ಯೂಮಿನಿಯಂ ಗುಂಡು ಕಾಣುತ್ತದಲ್ಲ, ಅದೇ. ಒಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ಮುಂಭಾಗದಲ್ಲಿ ಎರಡು ಲೋಹ ಸೇರಿಸಿ ಮಾಡಿದ ಒಂದು ಪುಟ್ಟ ಪಟ್ಟಿ ಇರುತ್ತದೆ. ರೇಡಿಯೇಟರ್ ಹಾಯ್ದು ಬರುವ ಗಾಳಿ ಬಿಸಿಯಾದಾಗ ಆ ಪಟ್ಟಿ ಬಾಗುತ್ತದೆ, ಒಳಗಿನ ತೂತು ತೆರೆಯುತ್ತದೆ, ಎಣ್ಣೆ ತುಂಬಿಕೊಂಡು ಫ್ಯಾನನ್ನು ಇಂಜಿನ್ನಿನ ಜೊತೆ ಹಿಡಿದು ತಿರುಗಿಸುತ್ತದೆ. ಏರಿನಲ್ಲಿ ಇದ್ದಕ್ಕಿದ್ದಂತೆ ಬಾನೆಟ್ ಕೆಳಗಿಂದ 'ಗುಂಯ್' ಅಂತ ದೊಡ್ಡ ಸದ್ದು ಬರುವುದು ಇದೇ. ತಣ್ಣಗಿರುವಾಗ ಫ್ಯಾನ್ ಸಡಿಲವಾಗಿ ತಿರುಗುತ್ತದೆ, ಹೆಚ್ಚೇನೂ ಶಕ್ತಿ ತಿನ್ನುವುದಿಲ್ಲ. ಹಿಡಿದುಕೊಂಡಾಗ ಲೆಕ್ಕ ಬೇರೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಕೇಳುವ ಶಕ್ತಿ ಎಂಟು ಪಟ್ಟಾಗುತ್ತದೆ. ಡಿಸೆಂಬರ್‌ನಲ್ಲಿ ಏರಿನಲ್ಲಿ ಮಾತ್ರ ಹಿಡಿಯುತ್ತಿದ್ದ ಫ್ಯಾನ್ ಮೇ ತಿಂಗಳಲ್ಲಿ ಊರೊಳಗಿನ ಟ್ರಾಫಿಕ್ಕಿನಲ್ಲೂ ಹಿಡಿಯುತ್ತದೆ. ಡೀಸೆಲ್ ಹೋಗುವ ಒಂದು ದಾರಿ ಇದು.

ರೇಡಿಯೇಟರ್ ಕಟ್ಟಿಕೊಂಡಿದ್ದರೆ ಇದು ಇನ್ನೂ ಜಾಸ್ತಿ ಆಗುತ್ತದೆ. ಕಟಾವಿನ ಕಾಲದಲ್ಲಿ ಸಿಂಧನೂರು, ಸಿರುಗುಪ್ಪ, ಕಾರಟಗಿ ಕಡೆ ಹೊಲದ ಬದುವಿಗೇ ಹೋಗಿ ನಿಲ್ಲುವ ಗಾಡಿಗಳ ಬಾನೆಟ್ ಎತ್ತಿ ನೋಡಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಭತ್ತದ ಹೊಟ್ಟು, ಹುಲ್ಲಿನ ಪುಡಿ ಒತ್ತಾಗಿ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ತೋರಣಗಲ್ಲು, ಸಂಡೂರು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಎಣ್ಣೆ ಜಿಡ್ಡಿನ ಜೊತೆ ಸೇರಿ ಪದರ ಕಟ್ಟಿರುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಇಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಒತ್ತಡದ ನೀರು ಬಿಟ್ಟು ತೊಳೆಯಬೇಕು. ವಾಟರ್ ಸರ್ವಿಸ್‌ನ ಗನ್ ಹತ್ತಿರ ಹಿಡಿದರೆ ತೆಳ್ಳಗಿನ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ.

ಇನ್ನು ಒಂದು ಅಭ್ಯಾಸದ ಬಗ್ಗೆ ಒತ್ತಿ ಹೇಳಬೇಕು. ಗಾಡಿ ಹೀಟ್ ಆಗುತ್ತಿದೆ ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಬಿಸಾಕುವವರು ಈಗಲೂ ಇದ್ದಾರೆ. ಆಗ ಕೂಲೆಂಟ್ ಯಾವಾಗಲೂ ರೇಡಿಯೇಟರ್ ಸುತ್ತುತ್ತಲೇ ಇರುತ್ತದೆ, ಇಂಜಿನ್ ಹದಕ್ಕೆ ಬರಲು ತುಂಬ ಹೊತ್ತು ಹಿಡಿಯುತ್ತದೆ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಡೀಸೆಲ್ ಜಾಸ್ತಿ ಬಿಡುತ್ತದೆ. ಬೆಳಗಿನ ಜಾವದ ಟ್ರಿಪ್‌ಗಳಲ್ಲಿ ನಷ್ಟ, ಚಳಿಗಾಲ ಬಂದರೆ ಇನ್ನೂ ನಷ್ಟ. ಹೀಟ್ ಆಗಲು ನಿಜವಾದ ಕಾರಣ ಬೇರೆಲ್ಲೋ ಇರುತ್ತದೆ, ಅದು ಹಾಗೇ ಉಳಿಯುತ್ತದೆ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬುವುದೂ ಹೀಗೇ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ರೇಡಿಯೇಟರ್ ಕೊಳವೆಗಳ ಒಳಗೆ ಪದರ ಕಟ್ಟಿದರೆ ಹೊರಗಿನಿಂದ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಎಸಿ: ಗಂಟೆಯ ಲೆಕ್ಕ

ಮೊದಲೆಲ್ಲ ಪಿಕಪ್‌ಗೆ ಎಸಿ ಅನ್ನುವ ಮಾತೇ ಇರಲಿಲ್ಲ. 2025ರಿಂದ ಹೊಸದಾಗಿ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ಪಿಕಪ್‌ಗಳು ಹೆಚ್ಚಾಗಿ ಆ ತೂಕದ ಒಳಗೇ ಬರುವುದರಿಂದ ಅವಕ್ಕೆ ಕಡ್ಡಾಯ ಇಲ್ಲ. ಆದರೂ ಎಸಿ ಇರುವ ಮಾಡೆಲ್‌ಗಳು ಬಂದಿವೆ, ಜನ ಕೊಳ್ಳುತ್ತಿದ್ದಾರೆ. ಹಾಗಾಗಿ ಈ ಲೆಕ್ಕ ಗೊತ್ತಿರಬೇಕು.

ಎಸಿ ಕಂಪ್ರೆಸರ್ ತಿರುಗುವುದು ಇಂಜಿನ್ ಬೆಲ್ಟಿನಿಂದ. ಉರಿ ಬಿಸಿಲಲ್ಲಿ ಅದು ಒಂದೂವರೆಯಿಂದ ಎರಡು ಕಿಲೋವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳೋಣ. ಒಂದು ಲೀಟರ್ ಡೀಸೆಲ್‌ನಿಂದ ಕೈಗೆ ಸಿಗುವುದು ಮೂರು ಚಿಲ್ಲರೆ ಯೂನಿಟ್. ಹಾಗಾದರೆ ಒಂದು ಗಂಟೆ ಎಸಿ ಓಡಿದರೆ ಸುಮಾರು ಅರ್ಧ ಲೀಟರ್.

ಇಲ್ಲಿ ಗಮನಿಸಬೇಕಾದದ್ದು 'ಗಂಟೆ' ಅನ್ನುವ ಮಾತು. ಎಸಿ ದಿನಗೂಲಿ ಆಳಿದ್ದ ಹಾಗೆ, ಗುತ್ತಿಗೆ ಆಳಿನ ಹಾಗೆ ಅಲ್ಲ. ಕೆಲಸ ಎಷ್ಟಾಯಿತು ಅಂತ ಅದು ನೋಡುವುದಿಲ್ಲ, ಎಷ್ಟು ಹೊತ್ತು ಇದ್ದೆ ಅಂತ ಲೆಕ್ಕ ಹಾಕಿ ಕೂಲಿ ತೆಗೆದುಕೊಳ್ಳುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಲೀಟರ್‌ಗೆ 12 ಕೊಡುವ ಗಾಡಿ 60 ಕಿಲೋಮೀಟರ್ ಹೋಗಲು 5 ಲೀಟರ್ ಬೇಕು. ಹೈವೇಯಲ್ಲಿ ಎಸಿ ಹಾಕಿಕೊಂಡು ಒಂದು ಗಂಟೆಯಲ್ಲಿ ಮುಟ್ಟಿದರೆ ಐದೂವರೆ ಲೀಟರ್. ಮೈಲೇಜ್ 11ರ ಹತ್ತಿರ. ಅದೇ 60 ಕಿಲೋಮೀಟರ್ ಅನ್ನು ಊರೊಳಗೆ ಅಂಗಡಿ ಅಂಗಡಿಗೆ ಮಾಲು ಇಳಿಸುತ್ತಾ, ಎಸಿ ಆರಿಸದೆ ಮೂರು ಗಂಟೆ ಓಡಿಸಿದರೆ ಎಸಿಯ ಪಾಲೇ ಒಂದೂವರೆ ಲೀಟರ್. ಒಟ್ಟು ಆರೂವರೆ. ಮೈಲೇಜ್ 9ರ ಆಸುಪಾಸಿಗೆ ಬಿತ್ತು. ಗಾಡಿ ಅದೇ, ಎಸಿ ಅದೇ, ಬಿಸಿಲೂ ಅದೇ. ಅಮೆರಿಕದ ಇಂಧನ ಇಲಾಖೆಯೂ ಇದನ್ನೇ ಹೇಳುತ್ತದೆ: ತುಂಬಾ ಬಿಸಿಲಿದ್ದಾಗ, ಅದರಲ್ಲೂ ಸಣ್ಣ ಸಣ್ಣ ಓಡಾಟದಲ್ಲಿ, ಎಸಿಯಿಂದ ಮೈಲೇಜ್ ಶೇ 25ಕ್ಕೂ ಜಾಸ್ತಿ ಇಳಿಯಬಹುದು.

ಎಲ್ಲಕ್ಕಿಂತ ದೊಡ್ಡ ನಷ್ಟ ನಿಂತಲ್ಲೇ ಆಗುವುದು. ಮಿಲ್ ಗೇಟ್ ಮುಂದೆ ಸಾಲು, ವೇಬ್ರಿಡ್ಜ್ ಮುಂದೆ ಸಾಲು, ಹಮಾಲರು ಊಟಕ್ಕೆ ಹೋಗಿದ್ದಾರೆ. ಎಸಿಗೋಸ್ಕರ ಇಂಜಿನ್ ಓಡುತ್ತಲೇ ಇರುತ್ತದೆ. ಸುಮ್ನೆ ನಿಂತ ಡೀಸೆಲ್ ಇಂಜಿನ್ ತನ್ನ ಪಾಲು ತಿನ್ನುತ್ತದೆ, ಅದರ ಮೇಲೆ ಎಸಿ, ಅದರ ಮೇಲೆ ಫ್ಯಾನ್. ಕಿಲೋಮೀಟರ್ ಮಾತ್ರ ಸೊನ್ನೆ. ಸಂಜೆ ಲೆಕ್ಕ ಹಾಕುವಾಗ ಈ ಹೊತ್ತು ಯಾರ ನೆನಪಿನಲ್ಲೂ ಇರುವುದಿಲ್ಲ, ಮೈಲೇಜ್ ಬಿತ್ತು ಅನ್ನುವುದಷ್ಟೇ ಉಳಿಯುತ್ತದೆ.

ಹಾಗಂತ ಡ್ರೈವರ್‌ಗೆ ಎಸಿ ಹಾಕಬೇಡ ಅನ್ನುವ ಮಾಲೀಕರ ಮಾತು ನನಗೆ ಒಪ್ಪಿಗೆ ಇಲ್ಲ. ಗಂಟೆಗೆ ಅರ್ಧ ಲೀಟರ್ ಅಂದರೆ 2025ರ ದರದಲ್ಲಿ 45 ರೂಪಾಯಿಯ ಹತ್ತಿರ. 43 ಡಿಗ್ರಿಯಲ್ಲಿ, ತಗಡಿನ ಕ್ಯಾಬಿನ್ ಒಳಗೆ, ಇಂಜಿನ್ನಿನ ಝಳದಲ್ಲಿ ಕೂತು ಓಡಿಸುವವರ ಮೈ ಏನಾಗುತ್ತದೆ ಅಂತ ನೋಡಬೇಕು. ಟಾಟಾ ಏಸ್‌ನಂಥ ಗಾಡಿಗಳಲ್ಲಿ ಇಂಜಿನ್ ಸೀಟಿನ ಕೆಳಗೇ ಇರುತ್ತದೆ. ತಲೆ ಸುತ್ತುತ್ತಾ ಓಡಿಸುವ ಡ್ರೈವರ್‌ನಿಂದ ಆಗುವ ಅನಾಹುತಕ್ಕೆ ಯಾವ ಮೈಲೇಜ್ ಉಳಿತಾಯವೂ ಸಮ ಆಗುವುದಿಲ್ಲ. ಎಸಿಯನ್ನು ಸರಿಯಾಗಿ ಬಳಸಿದರೆ ಖರ್ಚು ತಾನಾಗಿ ಇಳಿಯುತ್ತದೆ. ಬಿಸಿಲಲ್ಲಿ ನಿಂತಿದ್ದ ಗಾಡಿಯನ್ನು ಒಂದೆರಡು ನಿಮಿಷ ಗಾಜು ಇಳಿಸಿ ಓಡಿಸಿದರೆ ಒಳಗಿನ ಕುದಿಗಾಳಿ ಹೊರಗೆ ಹೋಗುತ್ತದೆ, ಆಮೇಲೆ ಎಸಿ ಹಾಕಿ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ. ಆಗ ಎಸಿ ಹೊರಗಿನ 43 ಡಿಗ್ರಿ ಗಾಳಿಯನ್ನು ಮೊದಲಿನಿಂದ ತಣಿಸುವ ಬದಲು, ಆಗಲೇ ತಣ್ಣಗಾದ ಗಾಳಿಯನ್ನು ತಣಿಸುತ್ತದೆ. ಸಾಲಿನಲ್ಲಿ ತುಂಬ ಹೊತ್ತು ನಿಲ್ಲಬೇಕು ಅಂತ ಗೊತ್ತಾದರೆ ಇಂಜಿನ್ ಆರಿಸಿ, ಮರದ ನೆರಳಿಗೆ ಹೋಗಿ ಕೂರುವುದು ಮೈಗೂ ಒಳ್ಳೆಯದು.

ಗಾಜು ಇಳಿಸಿದರೂ ಗಾಳಿಯ ತಡೆ ಏರುತ್ತದಲ್ಲ ಅಂತ ಕೇಳುವವರಿದ್ದಾರೆ. ನಿಜ. ಆದರೆ ಊರೊಳಗಿನ ವೇಗದಲ್ಲಿ ಅದು ಲೆಕ್ಕಕ್ಕಿಲ್ಲ. ವೇಗ 80 ದಾಟಿದ ಮೇಲೆ ಅದು ಎಸಿಯ ಖರ್ಚಿನ ಹತ್ತಿರಕ್ಕೆ ಬರುತ್ತದೆ.

ಟೈರ್: ಮಧ್ಯಾಹ್ನ ಬಿಡುವ ಗಾಳಿ

ಬೇಸಿಗೆಯಲ್ಲಿ ಹೈವೇ ಬದಿಯ ಪಂಕ್ಚರ್ ಅಂಗಡಿಯಲ್ಲಿ ದಿನಾ ನಡೆಯುವ ಮಾತು ಇದು. ಮಧ್ಯಾಹ್ನ ಎರಡು ಗಂಟೆಗೆ ಲೋಡ್ ಗಾಡಿ ಬಂದು ನಿಲ್ಲುತ್ತದೆ. ಹುಡುಗ ಹಿಂದಿನ ಟೈರ್‌ಗೆ ಮೀಟರ್ ಹಿಡಿದು ನೋಡುತ್ತಾನೆ. "ಅಣ್ಣಾ, ಗಾಳಿ ಜಾಸ್ತಿ ಐತಿ, 68 ತೋರ್ಸಾಕತ್ತೈತಿ. ಬಿಸ್ಲಿಗೆ ಒಡದೀತು, ಸ್ವಲ್ಪ ಬಿಡ್ಲೇನು?" ಡ್ರೈವರ್ "ಬಿಡಪಾ" ಅನ್ನುತ್ತಾರೆ. ಹುಡುಗ 60ಕ್ಕೆ ಇಳಿಸುತ್ತಾನೆ. ಇಬ್ಬರದ್ದೂ ಒಳ್ಳೆಯ ಉದ್ದೇಶವೇ. ಆದರೆ ಆದದ್ದೇನು ನೋಡಿ.

ಆ ಟೈರ್‌ಗೆ ಬೆಳಿಗ್ಗೆ ತಣ್ಣಗಿರುವಾಗ 60 ಪಿಎಸ್‌ಐ ಹಾಕಿತ್ತು ಅಂದುಕೊಳ್ಳಿ. ಪಂಕ್ಚರ್ ಅಂಗಡಿಯಲ್ಲಿ ಪಾಯಿಂಟ್ ಅನ್ನುತ್ತಾರಲ್ಲ, ಅದೇ. ಹೊರಗಿನ ಬಿಸಿ 27ರಿಂದ 43ಕ್ಕೆ ಏರಿದಾಗ ಒಳಗಿನ ಗಾಳಿ ಹಿಗ್ಗಿ ಒತ್ತಡ ಸುಮಾರು 4 ಏರುತ್ತದೆ. ಓಡಿದ ಬಿಸಿ, ಡಾಂಬರಿನ ಬಿಸಿ ಸೇರಿ ಇನ್ನೂ 4 ಏರುವುದು ಸಹಜ. ಹಾಗೆ ಬಂದದ್ದು 68. ಅಂದರೆ ಟೈರ್ ಸರಿಯಾಗಿಯೇ ಇತ್ತು. ಟೈರ್ ಕಂಪನಿಯವರು ಈ ಏರಿಕೆಯನ್ನು ಲೆಕ್ಕ ಹಾಕಿಯೇ ತಣ್ಣಗಿರುವಾಗಿನ ಅಳತೆ ಕೊಟ್ಟಿರುತ್ತಾರೆ. ಈಗ 8 ಪಾಯಿಂಟ್ ಬಿಟ್ಟಾಯಿತು. ಮರುದಿನ ಬೆಳಿಗ್ಗೆ ಟೈರ್ ತಣ್ಣಗಾದಾಗ ಒಳಗಿರುವುದು 52–53 ಮಾತ್ರ.

ಗಾಳಿ ಕಡಿಮೆ ಇರುವ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ. ಬಾಗಿಸುವ ಶಕ್ತಿ ಡೀಸೆಲ್‌ನಿಂದ ಬರಬೇಕು. ಕಾರುಗಳ ಲೆಕ್ಕದಲ್ಲಿ ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇ 0.2 ಇಳಿಯುತ್ತದೆ ಅಂತ ಅಂದಾಜಿದೆ. ಅದು ಚಿಕ್ಕ ಸಂಖ್ಯೆ. ಆದರೆ ಬಾಗಿದ ಶಕ್ತಿ ಎಲ್ಲಿ ಹೋಗುತ್ತದೆ? ಟೈರ್ ಒಳಗೇ ಬಿಸಿಯಾಗಿ ಉಳಿಯುತ್ತದೆ. ಲೋಡ್ ಇದ್ದು, ಗಾಳಿ ಕಡಿಮೆ ಇದ್ದು, ರಸ್ತೆ ಕಾದಿದ್ದರೆ ಟೈರಿನ ಪಕ್ಕದ ಗೋಡೆ ಸುಟ್ಟು ಬಿರಿಯುತ್ತದೆ. ಒಡೆಯಬಾರದು ಅಂತ ಬಿಟ್ಟ ಗಾಳಿಯೇ ಟೈರ್ ಒಡೆಯಲು ಕಾರಣ ಆಗುತ್ತದೆ. ಮೈಲೇಜ್‌ಗಿಂತ ನನಗೆ ಹೆಚ್ಚು ಕಾಳಜಿ ಇರುವುದು ಈ ವಿಷಯದಲ್ಲಿ.

ಹಾಗಾಗಿ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ನೋಡಿಸಬೇಕು. ಲೋಡ್‌ಗೆ ಎಷ್ಟು, ಖಾಲಿಗೆ ಎಷ್ಟು ಅನ್ನುವುದು ಡೋರ್ ಹತ್ತಿರದ ಸ್ಟಿಕ್ಕರ್‌ನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಮಧ್ಯಾಹ್ನ ಬಿಸಿ ಟೈರಿನಿಂದ ಗಾಳಿ ಬಿಡಬಾರದು. ನೈಟ್ರೋಜನ್ ಹಾಕಿಸಿದರೆ ಹಿಗ್ಗುವುದಿಲ್ಲ ಅನ್ನುವ ಮಾತೂ ಇದೆ. ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಬಿಸಿಗೆ ಎರಡೂ ಒಂದೇ ಥರ ಹಿಗ್ಗುತ್ತವೆ.

ಬಂಕ್‌ನಲ್ಲಿ: ಬೆಳಗಿನ ಡೀಸೆಲ್, ಫುಲ್ ಟ್ಯಾಂಕ್

ಡೀಸೆಲ್ ಕೂಡ ಬಿಸಿಗೆ ಹಿಗ್ಗುತ್ತದೆ. ಒಂದು ಡಿಗ್ರಿಗೆ ಶೇ 0.08ರಷ್ಟು. 50 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಮುಕ್ಕಾಲು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಉಬ್ಬುತ್ತದೆ. ಶಕ್ತಿ ಮಾತ್ರ ಅಷ್ಟೇ. ಇದಕ್ಕೇ ಬೆಳಗಿನ ಜಾವ ಹಾಕಿಸಿದರೆ ಲಾಭ ಅನ್ನುವ ನಂಬಿಕೆ ಹುಟ್ಟಿದ್ದು. ಆದರೆ ಬಂಕ್‌ನ ಟ್ಯಾಂಕ್ ನೆಲದೊಳಗೆ ಇರುತ್ತದೆ. ಅಲ್ಲಿನ ಡೀಸೆಲ್‌ನ ಬಿಸಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಇದರಲ್ಲಿ ಉಳಿಯುವುದು ಏನೂ ಇಲ್ಲ ಅನ್ನುವಷ್ಟು ಕಡಿಮೆ.

ಅಳತೆಯ ಬಗ್ಗೆ ಅನುಮಾನ ಇದ್ದರೆ 5 ಲೀಟರ್ ಅಳತೆ ಕ್ಯಾನ್‌ನಲ್ಲಿ ಹಾಕಿ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಡೆನ್ಸಿಟಿ (ಒಂದು ಘನ ಮೀಟರ್ ಡೀಸೆಲ್ ಎಷ್ಟು ಕೆಜಿ ತೂಗುತ್ತದೆ ಅನ್ನುವ ಸಂಖ್ಯೆ) ನೋಡಲೂ ಕೇಳಬಹುದು. ಆಗ ಒಂದು ವಿಷಯ ನೆನಪಿಡಿ: ಬೋರ್ಡಿನ ಮೇಲೆ ಬರೆಯುವುದು 15 ಡಿಗ್ರಿಗೆ ಹೊಂದಿಸಿದ ಸಂಖ್ಯೆ. ಬಿಎಸ್6 ಡೀಸೆಲ್‌ಗೆ ಅದು 810ರಿಂದ 845ರ ಒಳಗಿರಬೇಕು. 40 ಡಿಗ್ರಿ ಬಿಸಿಯ ಡೀಸೆಲ್‌ಗೆ ಮೀಟರ್ ಇಳಿಬಿಟ್ಟರೆ ಅದಕ್ಕಿಂತ ಸುಮಾರು 17 ಕಡಿಮೆ ತೋರಿಸುತ್ತದೆ. ಅದು ಕಲಬೆರಕೆಯ ಗುರುತಲ್ಲ, ಬಿಸಿಯ ಗುರುತು. ಚಾರ್ಟ್ ನೋಡಿ 15 ಡಿಗ್ರಿಗೆ ಹೊಂದಿಸಿದ ಮೇಲೆ ಹೋಲಿಸಬೇಕು.

ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಗಾಡಿ ಸ್ಫೋಟ ಆಗುತ್ತದೆ ಅನ್ನುವ ಮೆಸೇಜ್ ಆಗಾಗ ಮೊಬೈಲ್‌ಗೆ ಬರುತ್ತದೆ. ಇದು ಸುಳ್ಳು. ಇಂಡಿಯನ್ ಆಯಿಲ್ ಸಂಸ್ಥೆಯೇ ಇದನ್ನು ಅಲ್ಲಗಳೆದಿದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ನಾಝಲ್ ಮೊದಲ ಸಲ ತಾನಾಗಿ ಕಟ್ ಆದಾಗ ನಿಲ್ಲಿಸಿದರೆ ಹಿಗ್ಗಲು ಬೇಕಾದ ಜಾಗ ಇರುತ್ತದೆ. ಅದರ ಮೇಲೆ ಅಲ್ಲಾಡಿಸಿ ಅಲ್ಲಾಡಿಸಿ ಮೂತಿಯವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಚೆಲ್ಲಬಹುದು, ಅಷ್ಟೇ.

ವೇಗ ಮತ್ತು ಲೋಡ್

ಬಿಸಿಲು ಏರುವ ಮೊದಲು ಮುಟ್ಟಬೇಕು ಅಂತ ಬೆಳಿಗ್ಗೆ ಜೋರಾಗಿ ಓಡಿಸುವುದುಂಟು. 60ರಿಂದ 80ಕ್ಕೆ ಹೋದರೆ ಗಾಳಿಯ ತಡೆ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಬಿಸಿ ಗಾಳಿಯಿಂದ ಸಿಗುವ ಆ ಶೇ 5–6ರ ಲಾಭ ಇದರ ಮುಂದೆ ಎಲ್ಲಿಗೂ ಸಾಲದು. ಹುಲ್ಲಿನ ಲೋಡ್ ಆದರೆ, ಪಟಪಟ ಹೊಡೆದುಕೊಳ್ಳುವ ತಾಡಪತ್ರಿ ಇದ್ದರೆ ಇನ್ನೂ ಜಾಸ್ತಿ. ತಾಡಪತ್ರಿಯನ್ನು ಬಿಗಿಯಾಗಿ ಕಟ್ಟಿಸಿ.

ಸಿಎನ್‌ಜಿ, ಎಲೆಕ್ಟ್ರಿಕ್ ಗಾಡಿಗಳಿಗೆ

ಸಿಎನ್‌ಜಿ ಗಾಡಿಗೆ ಗ್ಯಾಸ್ ತುಂಬುವುದು ಒತ್ತಡದ ಲೆಕ್ಕದಲ್ಲಿ, ಸುಮಾರು 200 ಬಾರ್‌ವರೆಗೆ. ಬಿಸಿಲಲ್ಲಿ ಗ್ಯಾಸ್ ಹಿಗ್ಗಿರುವುದರಿಂದ ಆ ಒತ್ತಡ ಬೇಗ ಬರುತ್ತದೆ, ಸಿಲಿಂಡರ್ ಒಳಗೆ ಹೋಗುವ ಕೆಜಿ ಕಡಿಮೆ ಆಗುತ್ತದೆ. ದುಡ್ಡು ಕೆಜಿ ಲೆಕ್ಕದಲ್ಲೇ ಕೊಡುವುದರಿಂದ ನಷ್ಟ ಇಲ್ಲ. ಒಂದು ಸಲ ತುಂಬಿಸಿದರೆ ಹೋಗುವ ದೂರ ಮಾತ್ರ ಕಡಿಮೆ. ಇದನ್ನು ಮೈಲೇಜ್ ಬಿತ್ತು ಅಂತ ತಪ್ಪು ತಿಳಿಯುವುದು ಬೇಡ, ಕೆಜಿಗೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಿ.

ಎಲೆಕ್ಟ್ರಿಕ್ ಗಾಡಿಯಲ್ಲಿ ಎಸಿಯ ಲೆಕ್ಕ ಅದೇ: ಗಂಟೆಯ ಲೆಕ್ಕ. ಬ್ಯಾಟರಿ ಕಾದಿದ್ದರೆ ಫಾಸ್ಟ್ ಚಾರ್ಜಿಂಗ್ ನಿಧಾನ ಆಗುತ್ತದೆ. ನೆರಳಿನಲ್ಲಿ, ಸಾಧ್ಯವಾದರೆ ರಾತ್ರಿ ಹೊತ್ತು ಚಾರ್ಜ್ ಹಾಕುವುದು ಒಳ್ಳೆಯದು.

ನಿಮ್ಮ ಗಾಡಿಯದು ಎಷ್ಟು ಇಳಿದಿದೆ?

ಇಷ್ಟೆಲ್ಲ ಆದ ಮೇಲೆ, ಅಂದಾಜಿನ ಬದಲು ಅಳೆದು ನೋಡುವುದೇ ಸರಿ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕಿ. ಅದೇ ಬಂಕ್, ಅದೇ ನಾಝಲ್, ಸಾಧ್ಯವಾದರೆ ದಿನದ ಅದೇ ಹೊತ್ತು. ಮೊದಲ ಕಟ್‌ಗೆ ನಿಲ್ಲಿಸಿ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ, ಮೂರು–ನಾಲ್ಕು ಸಲದ್ದು ತೆಗೆದುಕೊಳ್ಳಿ. ಡೀಸೆಲ್ ಹಿಗ್ಗುವುದರಿಂದಲೇ ಒಂದು ಸಲದ ಲೆಕ್ಕದಲ್ಲಿ ನೂರಕ್ಕೆ ಒಂದೆರಡು ಆಚೀಚೆ ಆಗುತ್ತದೆ. ಕಿಲೋಮೀಟರ್ ಜೊತೆಗೆ ಇನ್ನೆರಡು ವಿಷಯ ಬರೆದಿಡಿ: ಎಸಿ ಎಷ್ಟು ಗಂಟೆ ಓಡಿತು, ಇಂಜಿನ್ ಆರಿಸದೆ ಎಷ್ಟು ಹೊತ್ತು ನಿಂತಿತ್ತು. ಎಸಿ ಗಂಟೆಗೆ ಅರ್ಧ ಲೀಟರ್ ಕಳೆದು ನೋಡಿದರೆ ಚಳಿಗಾಲದ ಲೆಕ್ಕಕ್ಕೆ ಹತ್ತಿರ ಬಂತಾ? ಬಂದರೆ ಗಾಡಿ ಸರಿ ಇದೆ.

ಎಸಿ ಇಲ್ಲದ ಗಾಡಿ ಬೇಸಿಗೆಯಲ್ಲಿ ಲೀಟರ್‌ಗೆ ಎರಡು–ಮೂರು ಕಿಲೋಮೀಟರ್ ಕಳೆದುಕೊಂಡಿದ್ದರೆ ಅದನ್ನು ಬಿಸಿಲಿನ ತಲೆಗೆ ಕಟ್ಟಬೇಡಿ. ಬೇರೆ ಏನೋ ಇದೆ. ಇಂಜೆಕ್ಟರ್, ಜಾರುವ ಕ್ಲಚ್, ಬಿಡದೆ ಹಿಡಿದುಕೊಂಡ ಬ್ರೇಕ್, ಸದಾ ಹಿಡಿದೇ ಇರುವ ಫ್ಯಾನ್ ಕ್ಲಚ್, ಇವೆಲ್ಲ ನೋಡಿಸಬೇಕು. ಫ್ಯಾನ್ ಕ್ಲಚ್ ನೋಡುವುದು ಸುಲಭ. ಬೆಳಿಗ್ಗೆ ಇಂಜಿನ್ ಆರಿದ್ದು, ತಣ್ಣಗಿದ್ದು, ಕೀ ತೆಗೆದಿದ್ದಾಗ ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಬೇಕು. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಜಾಮ್ ಆಗಿದೆ, ಗರಗರ ಸುತ್ತು ಹೊಡೆದರೆ ಎಣ್ಣೆ ಹೋಗಿದೆ. ಬ್ರೇಕ್‌ಗೆ ಇನ್ನೂ ಸುಲಭ: ಹತ್ತು–ಹದಿನೈದು ಕಿಲೋಮೀಟರ್ ಓಡಿಸಿ, ಜೋರಾಗಿ ಬ್ರೇಕ್ ಹೊಡೆಯದೆ ನಿಲ್ಲಿಸಿ. ನಾಲ್ಕೂ ಚಕ್ರದ ಡ್ರಮ್ ಹತ್ತಿರ, ಮುಟ್ಟದೆ, ಅಂಗೈ ಹಿಡಿಯಿರಿ. ಮುಂದಿನ ಎರಡು ಒಂದೇ ಥರ, ಹಿಂದಿನ ಎರಡು ಒಂದೇ ಥರ ಬೆಚ್ಚಗಿರಬೇಕು. ಒಂದು ಮಾತ್ರ ಝಳ ಹೊಡೆಯುತ್ತಿದ್ದರೆ ಆ ಚಕ್ರದ ಬ್ರೇಕ್ ಬಿಚ್ಚಿಸಿ ನೋಡಿಸಿ.